ಕಂಬಳಿ ಹೊದ್ದ ಕಾರು

ಯಾವುದೇ ವಸ್ತುವಿನ ಬಗ್ಗೆ ಸಲಹೆ ಕೊಡಬೇಕಾದರೆ ಮೊದಲು ಆ ವಸ್ತು ತನ್ನ ಹತ್ತಿರ ಇರಬಾರದು ಎಂಬ ನಿಯಮವನ್ನು ನಮ್ಮ ಕಡೆಯ ಜನ ಚಾಚೂ ತಪ್ಪದೆ ಪಾಲಿಸುತ್ತಾರೆ. ಎಮ್ಮೆ ಕಟ್ಟದವನು ಎಮ್ಮೆಯ ಮೇವಿನ ಬಗ್ಗೆ ಹೇಳುತ್ತಾನೆ. ಮದುವೆಯೇ ಆಗದವನು ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳುತ್ತಾನೆ. ನಾನು ಚನ್ನಗಿರಿಯಲ್ಲಿ ಹಳೆಯದೊಂದು ಕಾರು ಕೊಂಡಾಗ, ಸೈಕಲ್ಲಿನ ಗಂಟೆಯನ್ನೂ ಸ್ವಂತವಾಗಿ ಬಾರಿಸಿ ಗೊತ್ತಿಲ್ಲದವರೆಲ್ಲ ಬಂದು ಅದರ ಬಾನೆಟ್ಟಿನ ಮೇಲೆ ಮೊಣಕೈ ಊರಿ ನಿಂತು ನನಗೆ ಬುದ್ಧಿ ಹೇಳಿದರು. ನಾನು ವಕೀಲ. ಸಲಹೆ ಕೊಟ್ಟು ಹೊಟ್ಟೆ ಹೊರೆಯುವವನು. ಬಿಟ್ಟಿಯಾಗಿ ಸಲಹೆ ಕೊಡುವವರನ್ನು ಕಂಡರೆ ನನಗೆ ಮೊದಲಿಂದಲೂ ತಾತ್ಸಾರ. ಆದರೂ ಇವರ ಮಾತು ಕೇಳಿದೆ. ಅಷ್ಟು ಓದಿಕೊಂಡವನು ಯಾಕೆ ಕೇಳಿದೆ ಎಂದರೆ, ಎಲ್ಲರ ಸಲಹೆಯಲ್ಲೂ ಒಂದು ಸಮಾನ ಅಂಶವಿತ್ತು: ಖರ್ಚು ಕಡಿಮೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಾರು ಮಾತ್ರ ನನ್ನ ಹುಟ್ಟಿಗೂ ಹಿಂದಿನದು, ವಿಲಾಯತಿಯದು. ಶಿವಮೊಗ್ಗದಲ್ಲಿ ನಿವೃತ್ತ ಇಂಜಿನಿಯರೊಬ್ಬರು ಅದನ್ನು ಮಗುವಿನಂತೆ ಸಾಕಿದ್ದೇನೆಂದು ಹೇಳಿ ನನಗೆ ಮಾರಿದರು. ಮಗುವಿನಂತೆ ಎಂದದ್ದು ಸುಳ್ಳಲ್ಲ, ಅದು ಅಳುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ, ಪಾಪ, ಅವರ ತಪ್ಪೇನೂ ಇಲ್ಲ. ಅವರು ಮಾಡಿ ಕಳಿಸಿದಾಗ ಒಳಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಜಮಖಾನೆ, ಮಾಡಿಗೆ ಮೆತ್ತೆ ಎಲ್ಲ ಇತ್ತಂತೆ. ಇಂಜಿನಿಯರ ಮನೆಯ ಇಲಿಗಳು ಅವನ್ನೆಲ್ಲ ತಿಂದು ತಗಡನ್ನು ಮಾತ್ರ ನನಗೆ ಉಳಿಸಿದ್ದವು. ಬಾಗಿಲು ಒಂದು ಸ್ವರ, ಮಾಡು ಇನ್ನೊಂದು ಸ್ವರ, ಕಾಲಡಿಯ ತಗಡು ಮೂರನೆಯದು. ಇಂಜಿನ್ನಿನ ಬಿಸಿ ಮುಂದಿನ ತಗಡನ್ನು ದಾಟಿ ನೇರವಾಗಿ ನನ್ನ ಕಾಲಿಗೆ ಬರುತ್ತಿತ್ತು. ಬೇಸಿಗೆಯಲ್ಲಿ ಅದರೊಳಗೆ ಕೂತರೆ ರೊಟ್ಟಿಗೆ ಹಂಚಿನ ಮೇಲೆ ಏನನ್ನಿಸುತ್ತದೆ ಎಂಬುದು ಗೊತ್ತಾಗುತ್ತಿತ್ತು. ಆದರೆ ಊರಲ್ಲಿ ಕಾರಿದ್ದ ವಕೀಲ ನಾನೊಬ್ಬನೇ. ಬೆಂದರೂ ಪರವಾಗಿಲ್ಲ, ಕಾರಿನಲ್ಲಿ ಬೇಯುತ್ತಿದ್ದೆ.

ಕಾರು ಕೊಂಡ ಮೇಲೆ ಮೊದಲ ಪ್ರಯಾಣ ಹೆಂಡತಿಯ ತವರಿಗೆ ಎಂದು ನಾನು ಮುಂಚೆಯೇ ನಿಶ್ಚಯಿಸಿದ್ದೆ. ನೀಲಮ್ಮನ ತವರು ಜಗಳೂರು. ಮಾವ ಕೊಟ್ರಪ್ಪನವರು ಶೇಂಗಾ ವ್ಯಾಪಾರಿ. ಅವರ ಮನೆ ಮುಂದಿನ ಕಟ್ಟೆಯ ಮೇಲೆ ಸದಾ ನಾಲ್ಕಾರು ಜನ ಕೂತಿರುತ್ತಾರೆ. ಆ ಕಟ್ಟೆಯ ಮುಂದೆ ಕಾರು ನಿಲ್ಲಿಸಿ, ಬಾಗಿಲು ತೆಗೆದು ನೀಲಮ್ಮನನ್ನು ಇಳಿಸಬೇಕೆಂಬುದು ನನ್ನ ಆಸೆ. ಹೊರಟೆವು. ಸಂತೇಬೆನ್ನೂರು ದಾಟುವುದರೊಳಗೆ ಅವಳು ಸೆರಗನ್ನು ಕಿವಿಗೆ ಸುತ್ತಿಕೊಂಡಳು. ದಾವಣಗೆರೆಯಲ್ಲಿ ಕಾರು ನಿಂತಾಗ ಇಳಿದಳು. ನೀರು ಕುಡಿಯಲು ಇಳಿದಳೆಂದುಕೊಂಡೆ. "ನೀವು ಬರ್ರಿ, ನಾನು ಬಸ್ಸಿಗೆ ಬರ್ತೀನಿ. ಈ ಸದ್ದು, ಈ ಧಗೆ ನನ್ನ ಕೈಲಿ ಆಗಲ್ಲ" ಎಂದವಳೇ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು. ನಾನು ಒಬ್ಬನೇ ಜಗಳೂರಿಗೆ ಹೋದೆ. ಊರ ಬಸ್ ನಿಲ್ದಾಣ ಕಂಡ ಕೂಡಲೇ ಮೊದಲೇ ಅಂದುಕೊಂಡಿದ್ದ ಹಾಗೆ ಹಾರನ್ ಒತ್ತಿ, ಮಾವನ ಮನೆಯ ತನಕ ಕೈ ತೆಗೆಯದೆ ಬಂದು ನಿಲ್ಲಿಸಿದರೆ ನೀಲಮ್ಮ ಅದಾಗಲೇ ಬಂದು ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಳು. ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. "ಅಳಿಯಂದಿರು ಕಾರಿನಾಗೆ ಬಂದಾರೆ, ಮಗಳು ಬಸ್ಸಿನಾಗೆ ಬಂದಾಳೆ. ಹಂಗಾರೆ ಕಾರಿನಾಗೆ ಯಾರನ್ನ ಕರ್ಕೊಂಡು ಬಂದ್ರಿ?" ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

ಆ ನಗು ನನ್ನ ಕಿವಿಯಲ್ಲಿ ಕಾರಿನ ಸದ್ದಿಗಿಂತ ಜೋರಾಗಿ ಉಳಿಯಿತು. ಆಮೇಲೆ ಎಷ್ಟು ಸಲ ಕರೆದರೂ ನೀಲಮ್ಮ ಕಾರು ಹತ್ತಲಿಲ್ಲ. ಅವಳು ಬಸ್ಸಿಗೆ, ನಾನು ಕಾರಿಗೆ. ಗಂಡಹೆಂಡತಿ ಬೇರೆಬೇರೆಯಾಗಿ ಬಂದು ಸೇರುವ ಮದುವೆ ಮುಂಜಿಗಳಲ್ಲಿ ಜನ ನಮ್ಮನ್ನು ಅನುಮಾನದಿಂದ ನೋಡತೊಡಗಿದರು. ಅವಳನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಆ ಕಟ್ಟೆಯ ಮುಂದೆ ಇಳಿಸದಿದ್ದರೆ ನಾನು ಕರಿ ಕೋಟು ಹಾಕಿಕೊಂಡದ್ದಕ್ಕೂ ಸಾರ್ಥಕವಿಲ್ಲ ಎಂದು ತೀರ್ಮಾನಿಸಿದೆ. ಕಾರಿನ ಒಳಗೆ ಸದ್ದೂ ಬಿಸಿಯೂ ಬರದಂತೆ ಮಾಡಬೇಕು. ದಾವಣಗೆರೆಯ ಸೀಟು ಹೊಲಿಯುವ ಅಂಗಡಿಯವನು ಬೊಂಬಾಯಿಯಿಂದ ತರಿಸುತ್ತೇನೆ ಎಂದು ಒಂದು ಬಗೆಯ ಮೆತ್ತೆಯ ತುಂಡು ತೋರಿಸಿ ಬೆಲೆ ಹೇಳಿದ. ಆ ಬೆಲೆಗೆ ಇನ್ನೊಂದು ಕಾರನ್ನೇ ಕೊಂಡು ಇದರೊಳಗೆ ತುರುಕಬಹುದಿತ್ತು. ಅಲ್ಲಿಂದ ಹೊರಬಿದ್ದವನು ಸೀದಾ ಬಿಟ್ಟಿ ಸಲಹೆಗಾರರ ಕೈಗೆ ಸಿಕ್ಕಿದೆ.

ಮೊದಲನೆಯವರು ನನ್ನ ಗೆಳೆಯ, ನ್ಯಾಮತಿಯ ಹೆಡ್ ಮಾಸ್ತರು ಸದಾಶಿವಯ್ಯ. ಶಬ್ದ ಎಂದರೇನು ಎಂಬುದನ್ನು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡುತ್ತ, ತಾವು ಮಾಡುವ ಶಬ್ದದಿಂದಲೇ ಆ ಮಕ್ಕಳನ್ನು ನಿದ್ದೆಗೆ ಕಳಿಸುತ್ತಿದ್ದ ಮಹಾನುಭಾವರು. ಅವರು ಕಾರಿನ ಬಾಗಿಲನ್ನು ಬೆರಳಿನಿಂದ ಕುಟ್ಟಿ, "ತಗಡು ನಡುಗ್ತದೆ, ಅದಕ್ಕೇ ಸದ್ದು. ತಗಡಿಗೆ ಭಾರ ಹೊರಿಸಿದ್ರೆ ನಡುಗಲ್ಲ. ಗೋಣಿತಾಟಿಗೆ ಡಾಂಬರು ಬಳಿದು ಒಳಗೆಲ್ಲ ಅಂಟಿಸ್ರಿ. ಇದು ವಿಜ್ಞಾನ" ಎಂದರು. ವಿಜ್ಞಾನ ಎಂದ ಮೇಲೆ ಎದುರಾಡುವ ಹಾಗಿಲ್ಲ. ರಸ್ತೆ ಕೆಲಸ ಮುಗಿದು ಉಳಿದಿದ್ದ ಡಾಂಬರನ್ನು ಗುತ್ತಿಗೆದಾರನಿಂದ ಕೇಳಿ ತಂದು, ಹಿತ್ತಲಲ್ಲಿ ಕಾಸಿ, ಗೋಣಿಗೆ ಬಳಿದು, ಬಾಗಿಲಿಗೂ ನೆಲಕ್ಕೂ ಮಾಡಿಗೂ ಅಂಟಿಸಿದೆವು. ಮಾಸ್ತರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ಉಸ್ತುವಾರಿ ನೋಡಿದರು. ಅವರ ಪಂಚೆಗೆ ಒಂದು ಹನಿಯೂ ತಾಕಲಿಲ್ಲ. ಸಲಹೆಗಾರರ ಪಂಚೆಗೆ ಎಂದೂ ಏನೂ ತಾಕುವುದಿಲ್ಲ.

ಸದ್ದು ನಿಜವಾಗಿಯೂ ಇಳಿಯಿತು. ಮಾಸ್ತರಿಗೆ ಅನ್ಯಾಯ ಮಾಡಬಾರದು, ಅವರ ವಿಜ್ಞಾನ ಬೆಳಗಿನ ಹೊತ್ತು ಸರಿಯಾಗಿತ್ತು. ಯಾವುದೋ ಕೇಸಿಗೆಂದು ಹೊನ್ನಾಳಿಗೆ ಹೋಗಿ ಕೋರ್ಟಿನ ಹೊರಗೆ ಕಾರು ನಿಲ್ಲಿಸಿದ್ದೆ. ಬೇಸಿಗೆಯ ಮಧ್ಯಾಹ್ನ. ವಾದ ಮುಗಿಸಿ ಬಂದು, ಅಂದು ಗೆದ್ದಿದ್ದರಿಂದ ಸ್ವಲ್ಪ ಗತ್ತಿನಿಂದಲೇ, ಕಾರಿನೊಳಗೆ ಕೂತೆ. ಮಾಡಿನ ಡಾಂಬರು ಅಷ್ಟು ಹೊತ್ತಿಗೆ ಪಾಯಸದ ಹದಕ್ಕೆ ಬಂದಿತ್ತು. ಅದು ಗೋಣಿಯ ಸಂದಿಯಿಂದ ಜಿನುಗಿ ನಿಧಾನವಾಗಿ ನನ್ನ ಮೇಲೆ ಇಳಿಯಿತು. ಕರಿ ಕೋಟಿನ ಮೇಲೆ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಬೋಳುತಲೆಯ ಮೇಲೆ ಬಿದ್ದದ್ದು ಹೊನ್ನಾಳಿಗೆ ಹೊನ್ನಾಳಿಯೇ ನೋಡಿತು. ಮನೆಗೆ ಬಂದಾಗ ನೀಲಮ್ಮ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನನ್ನ ತಲೆ ಉಜ್ಜುತ್ತ, "ರಸ್ತೆಗೆ ಹಾಕಾದನ್ನ ಕಾರಿಗೆ ಹಾಕಿದ್ರಿ. ಇನ್ನು ಕಾರಿಗೆ ಹಾಕಾದನ್ನ ಎಲ್ಲಿಗೆ ಹಾಕ್ತೀರಿ?" ಎಂದಳು. ಅವಳ ಕೈ ಉಜ್ಜುವುದಕ್ಕಿಂತ ಜಾಸ್ತಿ ನಗುವಿನಿಂದ ಅಲುಗುತ್ತಿತ್ತು.

ಎರಡನೆಯ ಸಲಹೆ ನನ್ನ ಚಿಕ್ಕಪ್ಪನದು. ಅವರು ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರಿ. ಸುಲಿದ ಅಡಿಕೆಯ ಸಿಪ್ಪೆ ಅವರ ಹಿತ್ತಲಲ್ಲಿ ಗುಡ್ಡವಾಗಿ ಬಿದ್ದಿರುತ್ತಿತ್ತು. "ಸಿಪ್ಪೆ ತುಂಬಿಸೋ ಮಗಾ, ಬಿಸಿನೂ ಬರಲ್ಲ ಸದ್ದೂ ಬರಲ್ಲ" ಎಂದು ನನಗೆ ಉಪಕಾರ ಮಾಡುವ ಮುಖದಲ್ಲಿ ಮೂಟೆ ಮೂಟೆ ಕಳಿಸಿಕೊಟ್ಟರು. ಅವರ ಹಿತ್ತಲು ಚೊಕ್ಕಟವಾಯಿತು. ಬಾಗಿಲುಗಳ ಹೊಟ್ಟೆಯೊಳಗೆ ಸಿಪ್ಪೆ ತುಂಬಿದ ಮೇಲೆ ಕಿಟಕಿಯ ಗಾಜು ಒಮ್ಮೆ ಇಳಿದದ್ದು ಮತ್ತೆ ಮೇಲೇಳಲಿಲ್ಲ. ಸಿಪ್ಪೆಯ ಜೊತೆ ಬಂದ ಹುಳುಗಳು ಮಾತ್ರ ಮೇಲೆದ್ದವು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಿದರೆ ನಮ್ಮ ಮನೆತನದ ಮರ್ಯಾದೆ ಹೋಗುತ್ತದೆ.

ಕೊನೆಗೆ ದಾರಿ ಕಂಡದ್ದು ನನಗೇ, ಯಾರ ಸಲಹೆಯೂ ಇಲ್ಲದೆ. ಒಮ್ಮೆ ಜಗಳೂರಿನಿಂದ ಒಬ್ಬನೇ ವಾಪಸು ಬರುವಾಗ ಕಾರು ಕೆಟ್ಟು ಬಯಲಲ್ಲಿ ನಿಂತಿತು. ಮರದ ನೆರಳೆಂಬುದು ಕಣ್ಣಳತೆಯಲ್ಲಿ ಇರಲಿಲ್ಲ. ಉರಿ ಬಿಸಿಲಲ್ಲಿ ಕುರಿಗಾರನೊಬ್ಬ ತಲೆಯಿಂದ ಕಾಲಿನ ತನಕ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಬಿಸಿಲಿಲ್ಲ ಅವನಿಗೆ, ಕುರಿಗಳ ಕೂಗಿಲ್ಲ, ನನ್ನ ಕಾರಿನ ಸದ್ದೂ ಇಲ್ಲ. ನನಗೆ ಜ್ಞಾನೋದಯವಾಯಿತು. ಸದ್ದಿಗೂ ಬಿಸಿಗೂ ಒಂದೇ ಮದ್ದು, ಅದೂ ಮಾವನ ಊರಿನಲ್ಲೇ ಕಡಿಮೆಗೆ ಸಿಗುವ ಮದ್ದು, ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ! ಮುಂದಿನ ಸಂತೆಯಲ್ಲಿ ಕರಿ ಕಂಬಳಿಗಳ ಒಂದು ಹೊರೆಯನ್ನೇ ತಂದೆ. ನಮ್ಮೂರಲ್ಲಿ ಜಟಕಾ ಗಾಡಿಗೆ ಮೆತ್ತೆ ಹೊಲಿಯುತ್ತಿದ್ದ ಬಾಬಾಸಾಬಿಯನ್ನು ಕರೆಸಿ, ಹಳೆಯ ಡಾಂಬರನ್ನೂ ಸಿಪ್ಪೆಯನ್ನೂ ಕೆರೆದು ತೆಗೆಸಿ, ಹುಣಸೆ ಬೀಜದ ಗಂಜಿ ಕಾಯಿಸಿ, ಮಾಡಿಗೆ, ಬಾಗಿಲಿಗೆ, ಇಂಜಿನ್ನಿನ ಕಡೆಯ ತಗಡಿಗೆ, ನೆಲಕ್ಕೆ ಎರಡೆರಡು ಪದರ ಕಂಬಳಿ ಅಂಟಿಸಿದ್ದಾಯಿತು. ಉಳಿದದ್ದನ್ನು ಸೀಟುಗಳಿಗೂ ಹೊಲಿಸಿದೆ. ಬಾಬಾಸಾಬಿ ಕೆಲಸ ಮುಗಿಸಿ ದೂರ ನಿಂತು ನೋಡಿ, "ವಕೀಲ್ ಸಾಬ್, ಇದಕ್ಕೆ ಪೆಟ್ರೋಲ್ ಹಾಕ್ತೀರೋ ಮೇವು ಹಾಕ್ತೀರೋ?" ಎಂದ. ಅವನ ಹಾಸ್ಯಕ್ಕೆ ನಾನು ನಗಲಿಲ್ಲ.

ಆದರೆ ಕಾರು ಹೊರಡಿಸಿದ ಮೇಲೆ ನಕ್ಕೆ. ಏನು ನಿಶ್ಶಬ್ದ! ಬಾಗಿಲು ಹಾಕಿದರೆ ತಗಡಿನ ಸದ್ದಿಲ್ಲ, ಮೆತ್ತಗೆ ಒಂದು ಧಪ್. ಇಂಜಿನ್ ಪಕ್ಕದ ಬೀದಿಯಲ್ಲೆಲ್ಲೋ ಓಡುತ್ತಿರುವ ಹಾಗೆ. ಕಾಲಿಗೆ ಬಿಸಿಯಿಲ್ಲ, ತಲೆಗೆ ಧಗೆಯಿಲ್ಲ. ಮಳೆಯ ತುಂತುರು ಬಿದ್ದಾಗ ಸ್ವಲ್ಪ ಕುರಿಯ ವಾಸನೆ ಬರುತ್ತಿತ್ತು, ಅದು ನಿಜ. ದಾರಿಯಲ್ಲಿ ಎದುರಾದ ಮಂದೆ ಒಂದೆರಡು ಸಲ ಕಾರಿನ ಹಿಂದೆ ತಿರುಗಿತು, ಅದೂ ನಿಜ. ಅದನ್ನೇ ದೊಡ್ಡದು ಮಾಡಿ ಆಡಿಕೊಂಡವರಿದ್ದಾರೆ. ಕಂಬಳಿಯಲ್ಲಿ ಕಟ್ಟಿದ ಬುತ್ತಿಯಲ್ಲಿ ಕೂದಲು ಹುಡುಕುವ ಜನ. ಅವರ ವಿಷಯ ಬಿಡಿ.

ನಾನು ಯೋಚನೆ ಮಾಡದೆ ಹೋದದ್ದು ಬೇರೆಯೇ ಇತ್ತು. ನಮ್ಮ ಕಡೆ ಕರಿ ಕಂಬಳಿ ಎಂದರೆ ಬರೀ ಹೊದೆಯುವ ವಸ್ತುವಲ್ಲ. ದೇವರ ಗದ್ದುಗೆಗೆ ಹಾಸುವುದು ಅದನ್ನೇ. ಊರಲ್ಲಿ ಜಗಳವಾಗಿ ಹಿರಿಯರು ನ್ಯಾಯ ಹೇಳಲು ಕೂರುವುದು ಅದರ ಮೇಲೇ. ಕಂಬಳಿ ಮೇಲೆ ಕೂತವನು ಸುಳ್ಳು ಹೇಳಬಾರದು, ಹೇಳಿದರೆ ವಂಶಕ್ಕೆ ಒಳ್ಳೆಯದಲ್ಲ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಬೆಂಗಳೂರಿನಲ್ಲಿ ಕಾನೂನು ಓದಿ ಬಂದ ನನಗೆ ಮಾತ್ರ ಕಂಬಳಿ ಒಂದು ಮೆತ್ತೆಯಾಗಿ ಕಂಡಿತ್ತು. ಮೊದಲ ತೊಂದರೆ ಚಪ್ಪಲಿಯದು. ಕಾರಿನ ಬಾಗಿಲು ತೆಗೆದರೆ ಸಾಕು, ಕಂಬಳಿ ಕಂಡವರು ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಹಾಗೆ ಚಪ್ಪಲಿಯನ್ನು ಹೊರಗೇ ಬಿಟ್ಟು ಹತ್ತುತ್ತಿದ್ದರು. ಇಳಿಯುವಾಗ ಚಪ್ಪಲಿ ಹತ್ತಿದ ಊರಲ್ಲಿರುತ್ತಿತ್ತು, ಅವರು ಇನ್ನೊಂದು ಊರಲ್ಲಿ. ನ್ಯಾಮತಿಯ ಮಾಸ್ತರನ್ನೊಮ್ಮೆ ಹೀಗೆ ಹೊನ್ನಾಳಿಯಲ್ಲಿ ಬರಿಗಾಲಲ್ಲಿ ಇಳಿಸಿ ಬಿಸಿಲಲ್ಲಿ ಕುಣಿಸಿದ್ದು ನನ್ನ ಜೀವನದ ಕೆಲವೇ ಸಂತೋಷಗಳಲ್ಲಿ ಒಂದು. ಶಾಖ ಹೇಗೆ ಹರಿಯುತ್ತದೆ ಎಂಬ ಪಾಠವನ್ನು ಅವರು ಅಂದೇ ಸರಿಯಾಗಿ ಕಲಿತಿರಬೇಕು.

ಎರಡನೆಯ ತೊಂದರೆಗೆ ನಗು ಬರಲಿಲ್ಲ. ಉಬ್ರಾಣಿಯ ಹನುಮಂತಪ್ಪ ನನ್ನ ಕಕ್ಷಿದಾರ. ಅವನಿಗೂ ಅವನ ತಮ್ಮ ರಂಗಪ್ಪನಿಗೂ ಹೊಲದ ಬದುವಿನ ವ್ಯಾಜ್ಯ. ಬದು ಒಂದು ಮೊಳ ಆಚೆಯೋ ಈಚೆಯೋ ಎಂಬ ಪ್ರಶ್ನೆಯನ್ನು ನಾನೂ ಎದುರು ವಕೀಲರೂ ಸೇರಿ ವರ್ಷಗಟ್ಟಲೆ ಮಗುವಿನಂತೆ ಬೆಳೆಸಿದ್ದೆವು. ಒಂದು ವಾಯಿದೆಯ ದಿನ ಜಾಗ ನೋಡಲು ನಾನೇ ಉಬ್ರಾಣಿಗೆ ಹೋಗಿದ್ದವನು ಹನುಮಂತಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡೆ. ಊರ ಬಾಗಿಲಲ್ಲಿ ರಂಗಪ್ಪ ಬಸ್ಸು ತಪ್ಪಿಸಿಕೊಂಡು ಪೆಚ್ಚಾಗಿ ನಿಂತಿದ್ದ. "ಅವನೂ ಬರ್ಲಿ ಬಿಡ್ರಿ ವಕೀಲ್ರೇ, ಅವನು ಬರದಿದ್ರೆ ಕೇಸು ಹೆಂಗೆ ನಡೀತೈತೆ?" ಎಂದ ಹನುಮಂತಪ್ಪ. ನಮ್ಮ ಜನರ ರೀತಿಯೇ ಹೀಗೆ. ಕಟಕಟೆಯಲ್ಲಿ ನಿಂತು ಒಬ್ಬರ ಮೇಲೊಬ್ಬರು ಕಿಡಿ ಕಾರುತ್ತಾರೆ, ಹೊರಗೆ ಬಂದು ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಳ್ಳುತ್ತಾರೆ. ಹೂಂ ಎಂದೆ. ಇಬ್ಬರೂ ಚಪ್ಪಲಿ ಬಿಟ್ಟು, ಹಿಂದಿನ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಹಳೆಯ ಸದ್ದಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸುಮ್ಮನೆ ಬಂದಿರುತ್ತಿದ್ದರು. ಈಗ ಕಾರಿನೊಳಗೆ ಉಸಿರಾಡಿದರೂ ಕೇಳುತ್ತಿತ್ತು. ಹನುಮಂತಪ್ಪ ಕಂಬಳಿಯ ಮೇಲೆ ಅಂಗೈ ಆಡಿಸಿದ. ಒಮ್ಮೆ ಕೆಮ್ಮಿದ. "ತಮ್ಮಾ, ಕರಿ ಕಂಬಳಿ ಮ್ಯಾಲೆ ಕುಂತೀವಿ" ಎಂದ. "ಹೂಂ ಅಣ್ಣ" ಎಂದ ರಂಗಪ್ಪ. ನಾನು ಕನ್ನಡಿಯಲ್ಲಿ ಹನುಮಂತಪ್ಪನಿಗೆ ಕಣ್ಸನ್ನೆ ಮಾಡಿದೆ, ಅವನು ನೋಡಲಿಲ್ಲ. "ಆ ಬದು ನಾನೇ ಒತ್ತೀನಿ ಕಣಪ್ಪ. ಅಪ್ಪ ಹಾಕಿದ್ದ ಕಲ್ಲು ಕಿತ್ತಿದ್ದೂ ನಾನೇ." ಆಮೇಲೆ ರಂಗಪ್ಪ, "ನಾನೂ ಏನು ಕಡಿಮೆ ಮಾಡಿಲ್ಲ. ನಿನ್ನ ಬಾವಿ ದಾರಿಗೆ ಮುಳ್ಳು ಹಾಕಿಸಿದ್ದು ನಾನೇ, ಆಳಿನ ಹೆಸರು ಹೇಳಿದ್ದೆ" ಎಂದು ಮೂಗು ಒರೆಸಿಕೊಂಡ. ನಾನು ಗೇರು ಬದಲಿಸಿದೆ, ಬ್ರೇಕು ಒತ್ತಿದೆ, ಹಾರನ್ ಬಾರಿಸಿದೆ. ಏನು ಮಾಡಿದರೂ ಆ ದರಿದ್ರ ನಿಶ್ಶಬ್ದ ಮುರಿಯಲಿಲ್ಲ. ಚನ್ನಗಿರಿ ಬರುವಷ್ಟರಲ್ಲಿ ಅಣ್ಣತಮ್ಮಂದಿರು ಕೈ ಕೈ ಹಿಡಿದುಕೊಂಡು ಅಳುತ್ತಿದ್ದರು. "ಸ್ವಾಮಿ, ರಾಜಿ ಅಂತ ಬರೆದುಬಿಡ್ರಿ" ಎಂದು ಬರಿಗಾಲಲ್ಲೇ ಇಳಿದು ಕೋರ್ಟಿನ ಮೆಟ್ಟಿಲು ಹತ್ತಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಕೆರೆಬಿಳಚಿಯಿಂದ ಗಂಡಹೆಂಡತಿಯ ಜಗಳವೊಂದು ಬಂತು. "ಕೋರ್ಟು ಬ್ಯಾಡ ಸ್ವಾಮಿ, ಕಾರಿನಾಗೆ ಒಂದು ಗಳಿಗೆ ಕುಂತು ಹೋಗ್ತೀವಿ" ಎಂದರು. ನಿಲ್ಲಿಸಿದ ಕಾರಿನಲ್ಲಿ ಕೂತು, ಮಾತಾಡಿ, ಒಂದಾಗಿ, ನನಗೆ ಕೈಮುಗಿದು ಹೋದರು. ಎದುರು ಪಕ್ಷದ ವಕೀಲರು ಬಾರ್ ರೂಮಿನಲ್ಲಿ ಎಲ್ಲರೆದುರಿಗೂ, "ನಿಮ್ಮ ಕಾರು ನಮ್ಮ ಹೊಟ್ಟೆ ಮೇಲೆ ಹರೀತಾ ಐತಲ್ರೀ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಜಗತ್ತಿನಲ್ಲಿ ವಕೀಲಿಕೆ ನಡೆಯುವುದೇ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಇರುವುದರಿಂದ. ಆ ಉಪಯುಕ್ತ ಗದ್ದಲವನ್ನು ನಾನೇ ಕೈಯಾರೆ ಕಂಬಳಿ ಹೊದಿಸಿ ಮಲಗಿಸಿದ್ದೆ. ಅಷ್ಟಾದರೂ ಕಂಬಳಿ ಕಿತ್ತುಹಾಕಲು ಮನಸ್ಸು ಬರಲಿಲ್ಲ. ಜಗಳೂರಿನ ಕಟ್ಟೆ ಇನ್ನೂ ಬಾಕಿ ಇತ್ತಲ್ಲ. ಒಂದು ಬದಲಾವಣೆ ಮಾತ್ರ ಮಾಡಿದೆ. ಮುಂದಿನದು ಒಂದೇ ಉದ್ದದ ಸೀಟು. ಬಾಬಾಸಾಬಿಯನ್ನು ಕರೆಸಿ ಅದರಲ್ಲಿ ನಾನು ಕೂರುವಷ್ಟು ಜಾಗದ ಕಂಬಳಿಯನ್ನು ಕತ್ತರಿಸಿ ತೆಗೆಸಿ ರೆಕ್ಸಿನ್ ಹೊಲಿಸಿಕೊಂಡೆ. ಕಾಲಡಿಗೂ ಒಂದು ರೆಕ್ಸಿನ್ ತುಂಡು ಹಾಕಿಸಿದೆ. ಯಾಕೆಂದು ಕೇಳಿದವರಿಗೆ ಕಂಬಳಿ ಚುಚ್ಚುತ್ತದೆ ಎಂದೆ. ದಿನವೂ ಕಾರಿಂದಿಳಿದು ನೇರವಾಗಿ ಕೋರ್ಟಿಗೆ ಹೋಗಬೇಕಾದವನಿಗೆ ಅದು ನಿಜವಾಗಿಯೂ ಚುಚ್ಚುತ್ತಿತ್ತು.

ಅಂತೂ ನಾನು ಕಾದಿದ್ದ ದಿನ ಬಂತು. ಜಗಳೂರಿನಲ್ಲಿ ನೀಲಮ್ಮನ ತಮ್ಮನ ಮಗುವಿಗೆ ತೊಟ್ಟಿಲು ಶಾಸ್ತ್ರ. ಕಾರಿನಲ್ಲಿ ಈಗ ಸದ್ದಿಲ್ಲ, ಧಗೆಯಿಲ್ಲ, ನೆಪವೂ ಇಲ್ಲ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅದನ್ನು ಮರೆಯದೆ ಕೈಗೆತ್ತಿಕೊಂಡು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಕಾಲು ಮಡಿಸಿ ನನ್ನ ಪಕ್ಕದಲ್ಲಿ ಕೂತಳು. ನನ್ನ ಎದೆ ಉಬ್ಬಿತು. ಚನ್ನಗಿರಿಯಿಂದ ದಾವಣಗೆರೆಯ ತನಕ ನಾನು ಮಾತಾಡಿದೆ. ಇಂಜಿನ್ನಿನ ಬಗ್ಗೆ, ಹುಣಸೆ ಗಂಜಿಯ ಬಗ್ಗೆ, ಮಾಸ್ತರ ಅಜ್ಞಾನದ ಬಗ್ಗೆ, ನನ್ನ ಹಳೆಯ ಕೇಸುಗಳ ಬಗ್ಗೆ. ಅವಳು ಹೂಂ ಎನ್ನುತ್ತಿದ್ದಳು. ದಾವಣಗೆರೆಯ ಬಸ್ ನಿಲ್ದಾಣದ ಮುಂದೆ ಹೋಗುವಾಗ ಮಾತ್ರ ಕತ್ತು ತಿರುಗಿಸಿ, ಹೊರಡಲು ಗುರುಗುಟ್ಟುತ್ತಿದ್ದ ಜಗಳೂರಿನ ಬಸ್ಸನ್ನು ಅದು ಮರೆಯಾಗುವವರೆಗೂ ನೋಡಿದಳು.

ಊರು ದಾಟಿ ಬಯಲಿಗೆ ಬಂದ ಮೇಲೆ ನನಗೆ ಹೊಗಳಿಕೆಯ ಹಸಿವಾಯಿತು. "ಹೇಗಿದೆ?" ಎಂದೆ. "ಚೆನ್ನಾಗೈತೆ" ಎಂದಳು. "ಬರೀ ಚೆನ್ನಾಗಿದೆಯಾ? ಬಸ್ಸಿಗಿಂತ ಹೇಗೆ ಅಂತ ಹೇಳು." ಅವಳು ಕಿಟಕಿಯ ಹೊರಗೆ ನೋಡಿದಳು. "ಕಂಬಳಿ ಮ್ಯಾಲೆ ಕುಂತೀನಿ. ಜಾಸ್ತಿ ಕೇಳಬ್ಯಾಡ್ರಿ" ಎಂದಳು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದು ಎಂದು ಕಿರಿಯ ವಕೀಲರಿಗೆಲ್ಲ ಪಾಠ ಹೇಳುವವನು ನಾನು. ಕೇಳಿದೆ. ಮತ್ತೆ ಮತ್ತೆ ಕೇಳಿದೆ.

"ಬಸ್ಸೇ ಚೆಂದ ಕಣ್ರೀ" ಎಂದಳು ನೀಲಮ್ಮ. "ಸದ್ದಿಗೆ ಹೆದರೋಳಲ್ಲ ನಾನು, ಶೇಂಗಾ ಮಿಲ್ಲಿನ ಮಗ್ಗುಲಾಗೆ ಹುಟ್ಟಿದೋಳು. ಜಗಳೂರಿನೋಳಿಗೆ ಬಿಸಿಲು ಏನು ಹೊಸದಾ? ಬಸ್ಸಿನಾಗೆ ಕುಂತ್ರೆ ಊರು ಬರೋ ತನಕ ನನ್ನ ಯಾರೂ ಏನೂ ಕೇಳಲ್ಲ. ಕನ್ನಡಕ ಎಲ್ಲೈತೆ, ಫೈಲು ಎಲ್ಲೈತೆ, ಕಾಫಿ ಆತಾ ಅಂತ ಕರೆಯಲ್ಲ. ಕಿಟಕಿ ಪಕ್ಕ ಕುಂತು ಮಂಡಕ್ಕಿ ತಿಂತೀನಿ, ನಿದ್ದೆ ಬಂದ್ರೆ ಮಲಗ್ತೀನಿ. ನಂದು ಅಂತ ಇರೋದು ಅದೊಂದೇ ಹೊತ್ತು. ಕಾರಿನಾಗೆ ಬಂದ್ರೆ ಮನೇನೇ ಗಾಲಿ ಕಟ್ಕೊಂಡು ನನ್ನ ಹಿಂದೆ ಬಂದಂಗೆ ಆಗ್ತೈತೆ. ಮೊದಲು ಸದ್ದಾದ್ರೂ ಇತ್ತು, ನೀವು ಮಾತಾಡಿದ್ರಾಗೆ ಅರ್ಧ ಕೇಳ್ತಿರಲಿಲ್ಲ. ಅದನ್ನೂ ತೆಗೆಸಿಬಿಟ್ರಿ."

ಅಷ್ಟು ಸದ್ದನ್ನು ತಡೆದ ಕಂಬಳಿಗಳು ಈ ಮಾತಿನ ಒಂದಕ್ಷರವನ್ನೂ ತಡೆಯಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಇವಳಿಗೆ ಸ್ವಂತದ್ದೆಂದು ಇರುವುದು ಬಸ್ಸಿನ ಒಂದು ಕಿಟಕಿ ಮಾತ್ರ ಎಂಬುದು ನನಗೆ ತಿಳಿದಿರಲಿಲ್ಲ. ಆದರೆ ಸಂಕಟವಾದಾಗ ಸುಮ್ಮನಿರುವವನು ವಕೀಲನಾಗುವುದಿಲ್ಲ. "ನಿನಗೋಸ್ಕರ ನಾನು ತಲೆ ಮೇಲೆ ಡಾಂಬರು ಸುರಿಸಿಕೊಂಡೆ, ಕೇಸು ಕಳಕೊಂಡೆ, ಬಾರ್ ರೂಮಿನಲ್ಲಿ ಬೈಸಿಕೊಂಡೆ" ಎಂದು ವಾದ ಶುರು ಮಾಡಿದೆ. ಅವಳು ಪೂರ್ತಿ ಕೇಳಿದಳು. ಕಾರು ಅಷ್ಟು ನಿಶ್ಶಬ್ದವಾಗಿತ್ತು, ಕೇಳದೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

"ನನಗೋಸ್ಕರ ಮಾಡಿದ್ರೋ," ಎಂದಳು, "ನಮ್ಮಪ್ಪನ ಕಟ್ಟೆ ಮುಂದೆ ನನ್ನ ಇಳಿಸಾಕೆ ಮಾಡಿದ್ರೋ?"

"ನಿನಗೋಸ್ಕರವೇ. ದೇವರಾಣೆ" ಎಂದೆ. ತಟಕ್ಕನೆ, ಒಂದು ಚೂರೂ ತಡವರಿಸದೆ. ಎಷ್ಟೋ ಮೈಲಿ ದೂರದ ಕೋರ್ಟಿನಲ್ಲಿದ್ದ ಜಡ್ಜರೂ ಒಪ್ಪಬೇಕು, ಅಂಥ ದನಿ.

ನೀಲಮ್ಮ ನನ್ನ ಮುಖ ನೋಡಲಿಲ್ಲ. ನಾನು ಕೂತಿದ್ದ ಜಾಗ ನೋಡಿದಳು. ರೆಕ್ಸಿನ್ನಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬಾಬಾಸಾಬಿಯ ಹೊಲಿಗೆ, ಬಲು ನೀಟು. ಆಮೇಲೆ ತಾನು ಬಾಗಿಲ ಕಡೆಗೆ ಒತ್ತಿಕೊಂಡು, ನಡುವೆ ಕಂಬಳಿಯ ಮೇಲೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಬಿಟ್ಟು, ಅದನ್ನು ಅಂಗೈಯಿಂದ ಮೆತ್ತಗೆ ತಟ್ಟಿದಳು.

"ಚೂರು ಈ ಕಡೆ ಸರೀರಿ" ಎಂದಳು. "ಈಗ ಹೇಳ್ರಿ."

ಪುಣ್ಯಕ್ಕೆ ಜಗಳೂರಿನ ಬಸ್ ನಿಲ್ದಾಣ ಕಂಡಿತು. ನಾನು ಹಾರನ್ನಿನ ಮೇಲೆ ಕೈಯಿಟ್ಟೆ. ಮಾವನ ಮನೆ ಬರುವ ತನಕ ತೆಗೆಯಲಿಲ್ಲ.